ಅವ್ವನ ಬ್ಯಾಂಡ್ ರೊಟ್ಟಿ ಬಡಿದರೂ ಹೆಜ್ಜೆ ಎಣಿಸುತ್ತಿದೆ, ಸರಿ ಮಾಡುವುದು ಹೇಗೆ?

ರೊಟ್ಟಿ ಬುಟ್ಟಿ (ವಿಜಯಪುರ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 68 ವರ್ಷ. ಶುಗರ್ ಬಂದು ಹನ್ನೆರಡು ವರ್ಷವಾಯಿತು. ಹೋದ ತಿಂಗಳು ತೋರಿಸಿದಾಗ ಡಾಕ್ಟರ್, ಗುಳಿಗೆ ಹೆಚ್ಚು ಮಾಡುವ ಮೊದಲು ಎರಡು ತಿಂಗಳು ದಿನಾ ನಡೆಯಿರಿ, ಎಷ್ಟು ನಡೆದಿರಿ ಅಂತ ಬರೆದುಕೊಂಡು ಬನ್ನಿ ಎಂದರು. ಅದಕ್ಕೇ ಕೈಗೆ ಕಟ್ಟುವ ಬ್ಯಾಂಡ್ ಒಂದನ್ನು ತಂದೆ. ಅಂಗಡಿಯವರು ಮೊಬೈಲ್‌ಗೆ ಜೋಡಿಸಿ ಕೊಟ್ಟರು, ಬೇರೆ ಏನೂ ಹೇಳಲಿಲ್ಲ.

ಮೊದಲ ಮೂರು ದಿನ ನಮಗೆ ಖುಷಿಯೋ ಖುಷಿ. ದಿನಕ್ಕೆ ಐದು ಸಾವಿರ, ಐದೂವರೆ ಸಾವಿರ. ಇವತ್ತು ನಾನು ಮನೆಯಲ್ಲೇ ಇದ್ದೆ. ಅವ್ವ ಬೆಳಿಗ್ಗೆ ಒಲೆ ಮುಂದೆ ಕೂತು ಇಪ್ಪತ್ತೆರಡು ಜೋಳದ ರೊಟ್ಟಿ ಬಡಿದಳು. ಎದ್ದ ಮೇಲೆ ಬ್ಯಾಂಡ್ ನೋಡಿದರೆ 900 ಚಿಲ್ಲರೆ ಹೆಜ್ಜೆ! ಕೂತಲ್ಲೇ! ಸಂಜೆ ಮೊಮ್ಮಗನ ಕೈ ಹಿಡಿದುಕೊಂಡು ಸಿದ್ಧೇಶ್ವರ ಗುಡಿಗೆ ಹೋಗಿ ಬಂದಳು, ನಾನೂ ಜೊತೆಗಿದ್ದೆ. ನನ್ನ ಮೊಬೈಲ್ ಆ ದಾರಿಗೆ 2,300 ತೋರಿಸಿತು, ಅವ್ವನ ಬ್ಯಾಂಡ್ 1,400. ಅವಳ ಹೆಜ್ಜೆ ನನಗಿಂತ ಚಿಕ್ಕದು, ಅವಳದೇ ಜಾಸ್ತಿ ಬರಬೇಕಲ್ವಾ?

ಡಾಕ್ಟರ್ ಈ ಲೆಕ್ಕ ನೋಡಿ ಗುಳಿಗೆ ನಿರ್ಧಾರ ಮಾಡುತ್ತಾರೆ. ತಪ್ಪು ಲೆಕ್ಕ ಕೊಟ್ಟರೆ ಅವ್ವನಿಗೇ ತೊಂದರೆ. ಯಾರಾದರೂ ತಿಳಿದವರು ಮೊದಲಿನಿಂದ ಹೇಳಿಕೊಡಿ.

ಮೋಜಣಿ ಕಾಕಾ (ವಿಜಯಪುರ)

ತಂಗೀ, ನಾನು ಮೋಜಣಿ ಕೆಲಸದಲ್ಲೇ ನಿವೃತ್ತಿ ಆದವನು. ಹೊಲಕ್ಕೆ ಇಳಿಯುವ ಮುಂಚೆ ಸರಪಳಿ ಸರಿಯಿದೆಯಾ ನೋಡುವುದು ನಮ್ಮ ಮೊದಲ ಕೆಲಸ. ಕಡಿ ಹಿಗ್ಗಿದ ಸರಪಳಿ ಹಿಡಿದು ಅಳೆದರೆ ಬದುವಿನ ಜಗಳ ಖಾತ್ರಿ. ಬ್ಯಾಂಡ್ ಕೂಡ ಹಾಗೇ. ಕಟ್ಟಿದ ತಕ್ಷಣ ನಂಬಬೇಡಿ, ಮೊದಲು ಅದನ್ನು ಅಳೆಯಿರಿ.

ಬ್ಯಾಂಡ್‌ಗೆ ಕಾಲು ಕಾಣುವುದಿಲ್ಲ. ಒಳಗೆ ಒಂದು ಚಿಕ್ಕ ಸೆನ್ಸರ್ ಇದೆ, ಆಕ್ಸೆಲೆರೋಮೀಟರ್ ಅಂತಾರೆ. ಕೈ ಎಷ್ಟು ಜೋರಾಗಿ, ಯಾವ ಕಡೆಗೆ ಅಲುಗಿತು ಅನ್ನೋದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಒಂದೇ ತಾಳದಲ್ಲಿ ಅಲುಗಾಟ ಬಂದರೆ ನಡಿಗೆ ಅಂತ ಎಣಿಸುತ್ತದೆ. ನಿಮ್ಮ ಅವ್ವ ರೊಟ್ಟಿ ಬಡಿಯುವ ತಾಳ ನಡಿಗೆಯ ತಾಳಕ್ಕಿಂತ ಚೆನ್ನಾಗಿರುತ್ತದೆ, ಅದಕ್ಕೇ ಎಣಿಸಿದೆ. ಮೊಮ್ಮಗನ ಕೈ ಹಿಡಿದಾಗ ಬ್ಯಾಂಡ್ ಕಟ್ಟಿದ ಕೈ ಬೀಸಲಿಲ್ಲ, ಅದಕ್ಕೇ ಬಿಟ್ಟಿದೆ. ಕೋಲು ಊರಿ ನಡೆಯುವವರಿಗೂ ಇದೇ ಕತೆ. ಇನ್ನೊಂದು, ಬಹಳಷ್ಟು ಬ್ಯಾಂಡ್‌ಗಳು ಒಂದಷ್ಟು ಹೆಜ್ಜೆ ಬಿಡದೆ ಇಟ್ಟ ಮೇಲೇ ಎಣಿಕೆ ಶುರು ಮಾಡುತ್ತವೆ. ಅಡುಗೆಮನೆಯಿಂದ ಪಡಸಾಲೆಗೆ ನಾಲ್ಕು ಹೆಜ್ಜೆ ಹಾಕಿ ನಿಂತರೆ ಅದು ಲೆಕ್ಕಕ್ಕೇ ಬರಲ್ಲ.

ಎರಡು ಪರೀಕ್ಷೆ ಮಾಡಿ. ಮೊದಲು ಬ್ಯಾಂಡ್‌ನಲ್ಲಿ ಎಷ್ಟಿದೆ ನೋಡಿಟ್ಟುಕೊಂಡು, ಅವ್ವ ತನ್ನ ಪಾಡಿಗೆ ನಡೆಯಲಿ, ನೀವು ಪಕ್ಕದಲ್ಲಿ ಬಾಯಿಬಿಟ್ಟು ನೂರರವರೆಗೆ ಎಣಿಸಿ. 95ರಿಂದ 105ರ ಒಳಗೆ ಬಂದರೆ ನನ್ನ ಮಟ್ಟಿಗೆ ಅದು ಒಳ್ಳೆಯ ಬ್ಯಾಂಡ್. ಒಂದು ಸಲಕ್ಕೆ ನಂಬಬೇಡಿ, ಮೂರು ಸಲ ಮಾಡಿ.

ಎರಡನೆಯದು ಹೆಜ್ಜೆಯ ಉದ್ದ. ನಮ್ಮ ಕಡೆಯ ಒಂದು ಸರಪಳಿ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಇದು ನಿಮ್ಮ ಅವ್ವನಿಗೂ ಗೊತ್ತಿರಬಹುದು. ಮೂರು ಸರಪಳಿ ಉದ್ದ, ಅಂದರೆ 99 ಅಡಿ, ಟೇಪ್ ಹಿಡಿದು ರಸ್ತೆಯಲ್ಲಿ ಎರಡು ಸುಣ್ಣದ ಗೆರೆ ಎಳೆಯಿರಿ. ಗೆರೆಗಿಂತ ಎಂಟು ಹತ್ತು ಹೆಜ್ಜೆ ಹಿಂದಿನಿಂದಲೇ ನಡೆಯಲು ಶುರು ಮಾಡಲಿ, ಯಾಕಂದರೆ ಹೊರಡುವಾಗಿನ ಹೆಜ್ಜೆ ಚಿಕ್ಕದಿರುತ್ತದೆ. ಗೆರೆಯಿಂದ ಗೆರೆಗೆ ಎಷ್ಟು ಹೆಜ್ಜೆ ಅಂತ ಎಣಿಸಿ. 99 ಅಡಿ ಅಂದರೆ 3,018 ಸೆಂಟಿಮೀಟರ್. ಅದನ್ನು ಹೆಜ್ಜೆಯಿಂದ ಭಾಗಿಸಿ, ಅವ್ವನ ಹೆಜ್ಜೆ ಸಿಕ್ಕಿತು. ಓಟದ ಟ್ರ್ಯಾಕ್ ಸಿಕ್ಕರೆ ಟೇಪೂ ಬೇಡ, ಒಳಗಿನ ಗೆರೆ ಹಿಡಿದು ಒಂದು ಸುತ್ತಿಗೆ 400 ಮೀಟರ್.

ಇದು ಯಾಕೆ ಬೇಕು ಅಂದರೆ, ಆಪ್ ನಿಮ್ಮ ಎತ್ತರ ನೋಡಿ ಹೆಜ್ಜೆಯ ಉದ್ದ ಊಹೆ ಮಾಡುತ್ತದೆ, ಎತ್ತರದ ನೂರಕ್ಕೆ 41 ಪಾಲು ಅಂತ ಇಟ್ಟುಕೊಳ್ಳಿ. ವಯಸ್ಸಾದವರ ಹೆಜ್ಜೆ ಅಷ್ಟು ಉದ್ದ ಇರುವುದಿಲ್ಲ. ಆಗ ಹೆಜ್ಜೆ ಸರಿ ಎಣಿಸಿದರೂ ಕಿಲೋಮೀಟರ್ ಸುಳ್ಳಾಗುತ್ತದೆ.

ಕೆರೆದಂಡೆ (ವಿಜಯಪುರ)

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೊಬೈಲ್ ರಿಪೇರಿ ಮಾಡುವವನು, ದಿನಾ ಬೆಳಿಗ್ಗೆ ಭೂತನಾಳ ಕೆರೆ ಕಡೆ ನಡೆಯಲು ಹೋಗುತ್ತೇನೆ. ಸೆಟ್ಟಿಂಗ್ ವಿಷಯ ನಾನು ಹೇಳುತ್ತೇನೆ ಅಕ್ಕಾ.

ಅಂಗಡಿಯಲ್ಲಿ ಅವಸರಕ್ಕೆ ಜೋಡಿಸಿ ಕೊಟ್ಟಾಗ ಒಳಗಿನ ವಿವರ ಯಾರೂ ತುಂಬುವುದಿಲ್ಲ. ನನ್ನ ಹತ್ತಿರ ಬಂದ ಎಷ್ಟೋ ಬ್ಯಾಂಡ್‌ಗಳಲ್ಲಿ ಅರವತ್ತು ದಾಟಿದ ಹೆಂಗಸರ ಹೆಸರಿನ ಮುಂದೆ 25 ವರ್ಷದ ಗಂಡಸು ಅಂತ ಇರುತ್ತದೆ. ಆಪ್ ತೆರೆದು ಪ್ರೊಫೈಲ್‌ಗೆ ಹೋಗಿ ಅವ್ವನ ವಯಸ್ಸು, ಎತ್ತರ, ತೂಕ ಸರಿಯಾಗಿ ಹಾಕಿ. ಯಾವ ಕೈಗೆ ಕಟ್ಟುತ್ತಾರೆ ಅಂತಲೂ ಕೇಳುತ್ತದೆ. ಕೆಲಸ ಕಡಿಮೆ ಮಾಡುವ ಕೈಗೇ ಕಟ್ಟಿ, ಅದನ್ನೇ ಅಲ್ಲಿ ಆರಿಸಿ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಇರಲಿ, ಬಳೆಗೆ ತಾಗಿ ಜೋತಾಡಬಾರದು. ಹೆಜ್ಜೆಯ ಉದ್ದ ಹಾಕುವ ಜಾಗ ಕೆಲವು ಆಪ್‌ನಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಇದ್ದರೆ ಅಲ್ಲಿ ಮೊದಲೇ ಯಾವ ಅಂಕಿ ಇದೆ ನೋಡಿ. 60-70ರ ಹತ್ತಿರ ಇದ್ದರೆ ಅದು ಒಂದು ಹೆಜ್ಜೆ ಕೇಳುತ್ತಿದೆ, 120-140 ಇದ್ದರೆ ಎಡ ಬಲ ಸೇರಿಸಿ ಎರಡು ಹೆಜ್ಜೆ ಕೇಳುತ್ತಿದೆ. ಇಲ್ಲಿ ಎಡವಿದರೆ ದೂರ ಅರ್ಧ ಆಗುತ್ತದೆ ಇಲ್ಲವೇ ದುಪ್ಪಟ್ಟು ಆಗುತ್ತದೆ.

ಬ್ಯಾಂಡ್ ಇಲ್ಲದೆ ಬರೀ ಮೊಬೈಲ್‌ನಲ್ಲೇ ಎಣಿಸುವವರಿಗೂ ಎರಡು ಮಾತು. ಆಂಡ್ರಾಯ್ಡ್ 10ರಿಂದ ಈಚೆಗೆ ಹೆಜ್ಜೆ ಎಣಿಸಲು ಆಪ್‌ಗೆ 'ಫಿಸಿಕಲ್ ಆಕ್ಟಿವಿಟಿ' ಅನ್ನುವ ಅನುಮತಿ ಕೊಡಲೇಬೇಕು. ಅವಸರದಲ್ಲಿ ಬೇಡ ಅಂತ ಒತ್ತಿದ್ದರೆ ದಿನವಿಡೀ ಸೊನ್ನೆ. ಆಮೇಲೆ ಬ್ಯಾಟರಿ. ಬ್ಯಾಟರಿ ಉಳಿಸಲು ಮೊಬೈಲ್ ತಾನೇ ಹಿಂದಿನಿಂದ ಆಪ್ ಮುಚ್ಚಿಬಿಡುತ್ತದೆ. ಆ ಆಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಅಂತ ಮಾಡಿ. ಬ್ಯಾಟರಿ ಖಾಲಿ ಆಗುತ್ತದೆ ಅನ್ನುವ ಭಯ ಬೇಡ, ಈಗಿನ ಬಹಳಷ್ಟು ಮೊಬೈಲ್‌ನಲ್ಲಿ ಹೆಜ್ಜೆ ಎಣಿಸಲು ಪ್ರತ್ಯೇಕ ಚಿಪ್ ಇರುತ್ತದೆ, ಅದು ತಿನ್ನುವುದು ತೀರಾ ಕಡಿಮೆ.

ಹೆಜ್ಜೆ ಎಣಿಸಲು ನೆಟ್ ಬೇಡ, ಲೊಕೇಶನ್ ಬೇಡ, ಫ್ಲೈಟ್ ಮೋಡ್‌ನಲ್ಲೂ ಎಣಿಸುತ್ತದೆ. ಹೋದ ದಾರಿಯ ನಕ್ಷೆ ಬೇಕಾದರೆ ಮಾತ್ರ ಲೊಕೇಶನ್ ಬೇಕು. ಬರೀ ಹೆಜ್ಜೆ ಎಣಿಸುವ ಆಪ್ ಒಂದು ನಿಮ್ಮ ಫೋನ್ ನಂಬರ್ ಪಟ್ಟಿ, ಮೆಸೇಜ್ ಕೇಳಿದರೆ ದಯವಿಟ್ಟು ಕೊಡಬೇಡಿ, ತೆಗೆದುಹಾಕಿ. ನಡೆದರೆ ದುಡ್ಡು ಕೊಡುತ್ತೇವೆ ಅನ್ನುವ ಆಪ್‌ಗಳ ಸಹವಾಸವೂ ಬೇಡ.

ಒಂದು ವಿಷಯ ಮಾತ್ರ ಅಕ್ಕಾ, ದಿನಕ್ಕೆ ಹತ್ತು ಸಾವಿರಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಹತ್ತು ಸಾವಿರ ಆಗದಿದ್ದರೆ ಉಪಯೋಗವಿಲ್ಲ.

ರೊಟ್ಟಿ ಬುಟ್ಟಿ

ಕಾಕಾ, ತಮ್ಮಾ, ಇಬ್ಬರಿಗೂ ಶರಣು. ಇವತ್ತು ಸಂಜೆ ಓಣಿಯಲ್ಲೇ ಗೆರೆ ಎಳೆದೆವು, ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಎಣಿಸಿದರು. ಮೂರು ಸರಪಳಿಗೆ ಅವ್ವನದು ಸರಿಯಾಗಿ 60 ಹೆಜ್ಜೆ. ಅಂದರೆ ಒಂದು ಹೆಜ್ಜೆ 50 ಸೆಂಟಿಮೀಟರ್. ಆಪ್ ಇಟ್ಟುಕೊಂಡಿದ್ದು 62. ಮೂರು ಸಾವಿರ ಹೆಜ್ಜೆಗೆ ಅದು 1,860 ಮೀಟರ್ ಅನ್ನುತ್ತಿತ್ತು, ನಿಜವಾಗಿ ಆಗಿದ್ದು ಒಂದೂವರೆ ಕಿಲೋಮೀಟರ್. ಪ್ರೊಫೈಲ್‌ನಲ್ಲಿ ವಯಸ್ಸು 30 ಅಂತಲೇ ಇತ್ತು ತಮ್ಮಾ, ನೀವು ಹೇಳಿದ ಹಾಗೇ.

ನೂರು ಹೆಜ್ಜೆಯ ಪರೀಕ್ಷೆಯಲ್ಲಿ ಕೈ ಬಿಟ್ಟು ನಡೆದರೆ 96, 93, 97. ಮೊಮ್ಮಗನ ಕೈ ಹಿಡಿದರೆ 61! ಮೊಮ್ಮಗ ಇನ್ನು ಬಲಗೈ ಹಿಡಿಯಲಿ ಅಂತ ಆಯಿತು. ಆದರೆ ಹತ್ತು ಸಾವಿರ ಕೇಳಿ ಅವ್ವ ಸುಮ್ನೆ ಕೂತುಬಿಟ್ಟಿದ್ದಾಳೆ. "ಅಷ್ಟು ನನ್ನಿಂದ ಆಗಲ್ಲ, ಇದನ್ನು ಬಿಚ್ಚಿ ಇಡು" ಅಂತಾಳೆ. ರೊಟ್ಟಿ, ಬೇರೆ ಕೈಗೆಲಸದ ಲೆಕ್ಕ ತೆಗೆದರೆ ಅವಳ ನಿಜವಾದ ನಡಿಗೆ ದಿನಕ್ಕೆ ಮೂರು ಸಾವಿರದ ಆಸುಪಾಸು.

ನವನಗರ ಸಿಸ್ಟರ್ (ಬಾಗಲಕೋಟೆ)

ಅಕ್ಕಾರೆ, ಬಿಚ್ಚಿ ಇಡಬೇಡಿ ಅಂತ ಅವ್ವಾರಿಗೆ ನನ್ನ ಹೆಸರಿನಲ್ಲಿ ಹೇಳಿ. ನಾನು ನರ್ಸ್, ಶುಗರ್ ಇರುವವರನ್ನು ದಿನಾ ನೋಡುತ್ತೇನೆ. ಹತ್ತು ಸಾವಿರ ಅಂದಾಗ ಎಷ್ಟು ಜನ ಹೊರಡುವ ಮುಂಚೆಯೇ ಕೈ ಚೆಲ್ಲಿದ್ದಾರೆ ಅನ್ನೋದು ನನಗೆ ಗೊತ್ತು, ಅದಕ್ಕೇ ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ.

ಆ ಸಂಖ್ಯೆ ಯಾವ ದೊಡ್ಡ ಅಧ್ಯಯನದಿಂದಲೂ ಬಂದದ್ದಲ್ಲ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಆಯಿತು, ಮಾರನೇ ವರ್ಷ 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು 'ಮಾನ್‌ಪೋಕೇ'. ಮಾನ್ ಅಂದರೆ ಹತ್ತು ಸಾವಿರ, ಪೋ ಅಂದರೆ ಹೆಜ್ಜೆ, ಕೇ ಅಂದರೆ ಅಳೆಯುವ ಯಂತ್ರ. ಹೆಸರು ಹಿಡಿಸಿತು, ಸಂಖ್ಯೆ ಜಗತ್ತಿಗೆಲ್ಲ ಹರಡಿತು.

ಆಮೇಲೆ ನಿಜವಾಗಿ ಅಳೆದು ನೋಡಿದವರು ಇದ್ದಾರೆ. 2019ರಲ್ಲಿ ಅಮೆರಿಕದ 16,741 ಹೆಂಗಸರ ಲೆಕ್ಕ ಪ್ರಕಟವಾಯಿತು, ಅವರ ಸರಾಸರಿ ವಯಸ್ಸು 72, ನಮ್ಮ ಅವ್ವಾರಿಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ 2,700ರ ಹತ್ತಿರ ನಡೆಯುತ್ತಿದ್ದವರಿಗಿಂತ 4,400ರ ಹತ್ತಿರ ನಡೆಯುತ್ತಿದ್ದವರಲ್ಲಿ ಸಾವು ನೂರಕ್ಕೆ 41ರಷ್ಟು ಕಡಿಮೆ ಕಂಡಿತು. 7,500 ಆದ ಮೇಲೆ ಇನ್ನೂ ನಡೆದರೂ ಅದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ಇಂಥ 15 ಅಧ್ಯಯನ ಸೇರಿಸಿ ನೋಡಿದಾಗಲೂ ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರ, ಅದಕ್ಕಿಂತ ಚಿಕ್ಕವರಿಗೆ ಎಂಟರಿಂದ ಹತ್ತು ಸಾವಿರಕ್ಕೆ ಲಾಭ ಒಂದು ಮಟ್ಟಕ್ಕೆ ನಿಂತಿತು. ಗಟ್ಟಿ ಇರುವವರೇ ಹೆಚ್ಚು ನಡೆಯುತ್ತಾರೆ ಅನ್ನೋದೂ ಇದರಲ್ಲಿ ಸ್ವಲ್ಪ ಸೇರಿರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಮೂರು ಸಾವಿರದಿಂದ ನಾಲ್ಕೂವರೆಗೆ ಏರುವುದು ಅವ್ವಾರಿಗೆ ದೊಡ್ಡ ಕೆಲಸ, ಅದನ್ನು ಹತ್ತು ಸಾವಿರದ ಮುಂದೆ ಇಟ್ಟು ಸಣ್ಣದು ಮಾಡಬೇಡಿ.

ಆಪ್‌ನಲ್ಲಿ ಗುರಿ 10,000 ಅಂತ ಇದ್ದರೆ ಈಗಲೇ ತೆಗೆದು 3,500 ಮಾಡಿ. ಎರಡು ವಾರಕ್ಕೊಮ್ಮೆ 500 ಏರಿಸಿ, ಮಂಡಿ ನೋವು ಬಂದರೆ ಅಲ್ಲೇ ನಿಲ್ಲಿಸಿ. ಶುಗರ್ ಇರುವುದರಿಂದ ಊಟ ಆದ ಮೇಲೆ ಹತ್ತು ಹತ್ತು ನಿಮಿಷ ನಡೆಸಿದರೆ ತುಂಬಾ ಒಳ್ಳೆಯದು, ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆ ಅದರಿಂದ ತಗ್ಗುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಆರೋಗ್ಯವಂತರಿಗೆ ಅದು ನಿಮಿಷಕ್ಕೆ 100 ಹೆಜ್ಜೆಯ ಹತ್ತಿರ ಬರುತ್ತದೆ, ಅವ್ವಾರಿಗೆ 80 ಆದರೂ ಚಿಂತೆ ಇಲ್ಲ.

ಬರಿಗಾಲಲ್ಲಿ ಮಾತ್ರ ಬೇಡ ಅಕ್ಕಾರೆ, ಗುಡಿ ಸುತ್ತುವಾಗ ಬಿಟ್ಟರೆ. ಮನೆಗೆ ಬಂದ ಮೇಲೆ ಪಾದ ತಿರುಗಿಸಿ ನೋಡಿ, ಬೊಬ್ಬೆ, ಗಾಯ ಇದೆಯಾ ಅಂತ. ಗ್ಲಿಮೆಪಿರೈಡ್ ಇರುವ ಗುಳಿಗೆ ತಗೊಳ್ಳುತ್ತಿದ್ದರೆ ನಡೆಯುವಾಗ ಶುಗರ್ ತೀರಾ ಇಳಿಯಬಹುದು, ಜೊತೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬೆವರು, ನಡುಕ, ತಲೆ ತಿರುಗುವುದು ಬಂದರೆ ಕೂತು ಬಾಯಿಗೆ ಹಾಕಿಕೊಳ್ಳಲಿ.

ಕೆರೆದಂಡೆ

ಸಿಸ್ಟರ್, ನನಗೆ ಇದು ಗೊತ್ತಿರಲಿಲ್ಲ. ಅಂಗಡಿಗೆ ಬಂದ ಹಿರಿಯರಿಗೆಲ್ಲ ಹತ್ತು ಸಾವಿರ ಅಂತಲೇ ಹಾಕಿ ಕೊಡುತ್ತಿದ್ದೆ. ಇನ್ನು ಮೇಲೆ ಕೇಳಿ ಹಾಕುತ್ತೇನೆ. ಅಕ್ಕಾ, ಅವ್ವನಿಗೆ ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಹೇಳಿ.

ಒಂದು ನನ್ನದೂ ಪ್ರಶ್ನೆ ಇದೆ. ಹೋದ ವಾರ ನೆಂಟರ ಜೊತೆ ಗೋಳಗುಮ್ಮಟ ಹತ್ತಿದೆ, ಮೂಲೆಯ ಗೋಪುರದ ಏಳು ಅಂತಸ್ತು. ಹೆಜ್ಜೆ ಬಂತು, ಆದರೆ 'ಹತ್ತಿದ ಮಹಡಿ' ಅನ್ನುವಲ್ಲಿ ಸೊನ್ನೆ. ಆಮೇಲೆ ನೋಡಿದರೆ ನನ್ನ ಮೊಬೈಲ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇಲ್ಲ. ಅದಿಲ್ಲದೆ ಮೇಲೆ ಹತ್ತಿದ್ದು ಗೊತ್ತಾಗುವ ದಾರಿ ಬೇರೆ ಇದೆಯಾ?

ಮೋಜಣಿ ಕಾಕಾ

ಇಲ್ಲ ತಮ್ಮಾ. ಮೆಟ್ಟಿಲ ಎತ್ತರ ಅಳೆದು, ಮೆಟ್ಟಿಲು ಎಣಿಸಿ ಗುಣಿಸು, ಅದೇ ದಾರಿ. ಆ ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ, ಅದಕ್ಕೆ ಎರಡು ದಿನ ಬೇಕು.

ಮಲ್ಲಯ್ಯನ ಹಾದಿ (ಇಂಡಿ)

ನಾನು ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವನು. ನಮ್ಮ ಕಡೆಯಿಂದ ಸಾವಿರಾರು ಜನ ನಡೆಯುತ್ತಾರೆ, ಗೊತ್ತೇ ಇದೆ. ಮೊದಲ ವರ್ಷ ಸುಮ್ನೆ ಹೊರಟೆ, ಮೂರನೇ ದಿನಕ್ಕೆ ಪಾದ ತುಂಬಾ ಬೊಬ್ಬೆ. ಈಗ ಮೂರು ತಿಂಗಳು ಮೊದಲೇ ಎಣಿಸಿ ನಡೆಯುತ್ತೇನೆ. ನನ್ನ ಹೆಜ್ಜೆ 65 ಸೆಂಟಿಮೀಟರ್, ಕಿಲೋಮೀಟರ್‌ಗೆ 1,540 ಹೆಜ್ಜೆ. ರಸ್ತೆಯ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ನಡೆದು ತೆಗೆದ ಲೆಕ್ಕ.

ಒಂದು ಗಮನಿಸಿದ್ದೇನೆ. ಬೆಳಿಗ್ಗೆ ಹೆಜ್ಜೆ 65 ಇದ್ದದ್ದು ದಣಿದ ಮೇಲೆ 58ಕ್ಕೆ ಬರುತ್ತದೆ. ಆಪ್‌ಗೆ ಅದು ಗೊತ್ತಾಗುವುದಿಲ್ಲ, 65 ಅಂತಲೇ ಗುಣಿಸುತ್ತದೆ. ಅದಕ್ಕೇ ದಿನದ ಕೊನೆಗೆ ಆಪ್ ಹೇಳುವ ದೂರ ನಿಜಕ್ಕಿಂತ ಜಾಸ್ತಿ. ನಲ್ಲಮಲ ಕಾಡಿನ ಏರಿನಲ್ಲಂತೂ ಹೆಜ್ಜೆ ಇನ್ನೂ ಚಿಕ್ಕದು. ನಾನು ಅಲ್ಲಿ ದೂರ ನೋಡುವುದನ್ನೇ ಬಿಟ್ಟು ಹೆಜ್ಜೆ ಮಾತ್ರ ನೋಡುತ್ತೇನೆ. ಇನ್ನೊಂದು, ದಾರಿಯಲ್ಲಿ ಮೊಬೈಲ್ ಆಫ್ ಮಾಡಿ ಆನ್ ಮಾಡಬೇಡಿ, ಮಾಡಲೇಬೇಕಾದರೆ ಮೊದಲು ಆಪ್ ತೆರೆದು ಸಂಖ್ಯೆ ಬರೆದುಕೊಳ್ಳಿ. ಆಫ್ ಆದರೆ ಚಿಪ್ಪಿನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಕೆಲವು ಆಪ್‌ಗಳು ಹಿಂದಿನದನ್ನು ಕಳೆದುಕೊಳ್ಳುತ್ತವೆ. ನನಗೆ ಒಂದು ಇಡೀ ಮಧ್ಯಾಹ್ನ ಹೀಗೆ ಹೋಯಿತು, ಬಹಳ ಬೇಜಾರಾಯಿತು.

ಅಕ್ಕಾ, ಬಿಸಿಲು ಏರುವ ಮೊದಲೇ ಅವ್ವನ ನಡಿಗೆ ಮುಗಿಸಿ. ನಮ್ಮ ಏಪ್ರಿಲ್, ಮೇ 40 ಡಿಗ್ರಿ ದಾಟುವ ಊರು.

ರೊಟ್ಟಿ ಬುಟ್ಟಿ

ಗುರಿ 3,500ಕ್ಕೆ ಇಳಿಸಿದೆ. ಸಂಜೆ 3,500 ಆದಾಗ ಬ್ಯಾಂಡ್ ಗುಂಯ್ ಅಂತ ನಡುಗಿತು, ಅವ್ವ ಬಂದು ಬಂದು ಎಲ್ಲರಿಗೂ ತೋರಿಸಿದಳು! ರೊಟ್ಟಿ ಬಡಿಯುವಾಗ ಬಿಚ್ಚಿಡು ಅಂದರೆ ಮರೆಯುತ್ತಾಳೆ, ಮತ್ತೆ ಕಟ್ಟಿಕೊಳ್ಳುವುದನ್ನೂ ಮರೆಯುತ್ತಾಳೆ. ಮೊಬೈಲ್ ಜೊತೆ ಒಯ್ಯಲು ಸೀರೆಗೆ ಕಿಸೆ ಎಲ್ಲಿದೆ? ಬೇರೆ ಉಪಾಯ ಇದೆಯಾ?

ನವನಗರ ಸಿಸ್ಟರ್

ನಮ್ಮ ಅಜ್ಜಿಯರ ಚಂಚಿ ಇದೆಯಲ್ಲ ಅಕ್ಕಾರೆ! ಎಲೆ ಅಡಿಕೆ ಇಡುವ ಚಂಚಿ. ಬ್ಯಾಂಡನ್ನು ಅದರಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಸೊಂಟ ಪ್ರತಿ ಹೆಜ್ಜೆಗೂ ಅಲುಗುತ್ತದೆ, ರೊಟ್ಟಿ ಬಡಿಯುವಾಗ ಅಷ್ಟಾಗಿ ಅಲುಗುವುದಿಲ್ಲ, ಮೊಮ್ಮಗ ಯಾವ ಕೈ ಹಿಡಿದರೂ ತೊಂದರೆ ಇಲ್ಲ. ಬಿಗಿಯಾಗಿ ಇರಲಿ. ನೂರು ಹೆಜ್ಜೆಯ ಪರೀಕ್ಷೆ ಮಾತ್ರ ಹೊಸದಾಗಿ ಮಾಡಿ, ಕೈಗೆಂದು ಮಾಡಿದ ಬ್ಯಾಂಡ್ ಸೊಂಟದಲ್ಲಿ ಹೇಗೆ ಎಣಿಸುತ್ತದೆ ಅಂತ ನೋಡಿಯೇ ಹೇಳಬೇಕು. ನಾಡಿ ಬಡಿತ ತೋರಿಸುವುದಿಲ್ಲ, ಅದು ನಮಗೆ ಬೇಡವೂ ಬೇಡ. ಡಾಕ್ಟರ್‌ಗೆ ಕೊಡುವ ಹಾಳೆಯಲ್ಲಿ ಯಾವ ತಾರೀಖಿನಿಂದ ಸೊಂಟಕ್ಕೆ ಬಂತು ಅಂತ ಬರೆದಿಡಿ.

ರೊಟ್ಟಿ ಬುಟ್ಟಿ, ಐದು ವಾರದ ನಂತರ

ಎಲ್ಲರೂ ಕಾಯುತ್ತಿದ್ದೀರಿ ಅಂತ ಬರೆಯುತ್ತಿದ್ದೇನೆ. ಚಂಚಿಯಲ್ಲಿ ನೂರಕ್ಕೆ 98, 97, 99 ಬಂತು. ಇಪ್ಪತ್ತು ರೊಟ್ಟಿ ಬಡಿದರೆ 14 ಹೆಜ್ಜೆ, ಅದೂ ನೀರು ತರಲು ಎದ್ದದ್ದು ಇರಬೇಕು. ಈ ವಾರದ ಸರಾಸರಿ 4,380. ಮೊದಲ ಮೂರು ದಿನದ ಐದು ಸಾವಿರ ಚಿಲ್ಲರೆಯನ್ನು ಹಾಳೆಯಿಂದ ಹೊಡೆದು ಹಾಕಿದ್ದೇನೆ. ಕಾಕಾ, ನಿನ್ನೆ ಅದೇ ಗೆರೆಗಳ ಮೇಲೆ ಮತ್ತೆ ನಡೆಸಿದೆ. 60 ಇದ್ದದ್ದು 57 ಆಗಿದೆ. ಎಣಿಸುವಾಗ ತಪ್ಪಿದೆವಾ?

ಮೋಜಣಿ ಕಾಕಾ

ಮೂರು ಸಲ ಎಣಿಸಿ 57 ಬಂದಿದ್ದರೆ ತಪ್ಪಿಲ್ಲ ತಂಗೀ. ಅವ್ವನ ಹೆಜ್ಜೆ ಉದ್ದ ಆಗಿದೆ. 53 ಸೆಂಟಿಮೀಟರ್. ಓದಿ ಬಹಳ ಸಂತೋಷ ಆಯಿತು. ಆಪ್‌ನಲ್ಲಿ 50 ತೆಗೆದು 53 ಹಾಕಿ.

ರೊಟ್ಟಿ ಬುಟ್ಟಿ

ಹಾಕಿದೆ ಕಾಕಾ. ನಿಮ್ಮ ಮಾತು ಓದಿ ಹೇಳಿದರೆ ಅವ್ವ ಅಂತಾಳೆ, ಸಣ್ಣವಳಿದ್ದಾಗ ಅಪ್ಪನ ಹೊಲಕ್ಕೆ ಮೋಜಣಿಯವರು ಬಂದಿದ್ದರಂತೆ, ಸರಪಳಿಯ ಈ ತುದಿ ಹಿಡಿದು ನಿಂತವಳು ಇವಳೇ ಅಂತೆ. ಅಲುಗಬೇಡ ಅಂದಿದ್ದರಂತೆ, ಅವರು ಆ ತುದಿ ಮುಟ್ಟುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದಳಂತೆ.